ಬಳೆಲಂಗದೊಳಗೆ ಒಬ್ಬ

"ಏಯ್, ಮೆತ್ತಗೆ ಹಿಡ್ಕೊಳ್ಳೋ. ಕಾಲು ಮುರೀತೀಯ," ಎಂದು ಎರ್ಸೀಲಿಯ ತುಟಿ ಅಲ್ಲಾಡಿಸದೆ ಗೊಣಗಿದಳು. ಲಂಗದೊಳಗೆ ಅವಳ ಕಣಕಾಲಿನ ಮೇಲಿದ್ದ ಕೈ ಇನ್ನಷ್ಟು ಬಿಗಿಯಾಯಿತು. ಕೊರೆಯುವಷ್ಟು ತಣ್ಣಗಿದ್ದ ಕೈ.

ಮಿಂಚೊ ನದಿಯ ಸೇತುವೆಗೆ ಬೆಳಗಿನ ಮಂಜು ಕವಿದಿತ್ತು. ಈಚೆ ದಡ ಆಸ್ಟ್ರಿಯದ ಚಕ್ರವರ್ತಿಯದು, ಆಚೆ ದಡ ಹೊಸ ಇಟಲಿಯದು. ಅವಳ ತಮ್ಮ ಅಲ್ವೀಸೆ ಚಕ್ರವರ್ತಿಯ ಸೈನ್ಯದಿಂದ ಓಡಿಬಂದವನು. ಈಚೆ ದಡದಲ್ಲಿ ಸಿಕ್ಕಿದರೆ ಗುಂಡು. ಅವನನ್ನು ದಾಟಿಸಲು ಅವಳ ಹತ್ತಿರ ಇದ್ದದ್ದು ಒಂದು ಬಳೆಲಂಗ. ಸೊಂಟದಿಂದ ನೆಲದವರೆಗೆ ಹಿರಿದಾಗುತ್ತ ಹೋಗುವ ಉಕ್ಕಿನ ಬಳೆಗಳು, ಮೇಲೆ ನೀಲಿ ರೇಷ್ಮೆಯ ಹೊದಿಕೆ. ಮಿಲಾನಿನ ಹೆಂಗಸರು ಇದನ್ನೇ ತೊಟ್ಟು ಬಾಗಿಲುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಸಣಕಲ ಅಲ್ವೀಸೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಕ್ಕಾ, ಇದು ಲಂಗ ಅಲ್ಲ, ಎರಡು ರೂಮಿನ ಮನೆ. ನಾನು ಬಾಡಿಗೆಗೆ ಬರ್ತೀನಿ," ಎಂದಿದ್ದ.

"ಸಿಕ್ಕಿಬಿದ್ರೆ?"

"ಈ ಅಲ್ವೀಸೆನ ಹಿಡಿಯೋ ಕೈ ಇನ್ನೂ ತೊಟ್ಟಿಲಲ್ಲಿ ಬೆರಳು ಚೀಪ್ತಾ ಇದೆ ಕಣೆ."

ಮಾತಾಡಿಕೊಂಡಂತೆ ಬೆಳಕು ಹರಿಯುವ ಹೊತ್ತಿಗೆ ಅವಳು ಅಲ್ವೀಸೆ ಅಡಗಿಕೊಂಡಿದ್ದ ಹೊಳೆದಂಡೆಯ ಹಿಟ್ಟಿನ ಗಿರಣಿಯ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಹಿಂದುಗಡೆ ಲಂಗದ ಅಂಚು ಮೇಲೆದ್ದಿತು, ಇಳಿಯಿತು, ಕೈಯೊಂದು ಕಣಕಾಲನ್ನು ಹಿಡಿಯಿತು. ಯಾರಾದರೂ ನೋಡುತ್ತಿರಬಹುದು, ಏನೇ ಆದರೂ ತಿರುಗಬೇಡ ಎಂದು ಅವನೇ ಹೇಳಿದ್ದ. ಅವಳು ತಿರುಗಲಿಲ್ಲ. ನೇರ ಸೇತುವೆಯ ಕಡೆ ನಡೆದಳು.

ಸೇತುವೆಯ ಬಾಯಲ್ಲಿ ಆಸ್ಟ್ರಿಯದ ಸಾರ್ಜೆಂಟ್ ಆಕಳಿಸುತ್ತಿದ್ದ. ಪಕ್ಕದಲ್ಲಿ ಜನೆಟ್ಟ, ಹೆಂಗಸರ ತಪಾಸಣೆಗೆಂದು ಇಟ್ಟಿದ್ದ ಮುದುಕಿ.

"ಬಾರಮ್ಮ ಮಹಾರಾಣಿ," ಎಂದಳು ಜನೆಟ್ಟ. "ನಮ್ಮ ಮುತ್ತಜ್ಜಿ ಕಾಲಕ್ಕೆ ಬೆತ್ತದ ಬಳೆ, ಅಜ್ಜಿ ಕಾಲಕ್ಕೆ ತಿಮಿಂಗಿಲದ ಎಲುಬು, ಈಗ ಉಕ್ಕು. ಒಳಗೆ ಬಚ್ಚಿಡೋ ಚಾಳಿ ಮಾತ್ರ ಹಳೇದೇ. ಎಲ್ಲಿಗೆ ಸವಾರಿ?"

"ಆಚೆ ದಡಕ್ಕೆ. ಅತ್ತೆಗೆ ಹುಷಾರಿಲ್ಲ."

"ಕಾಯಿಲೆಯವರನ್ನ ನೋಡೋಕೆ ಇಷ್ಟಗಲದ ಲಂಗಾನಾ? ಪಾಪ, ಆಯಮ್ಮಂಗೆ ಮಂಚ ಹಾಕೋಕೆ ಜಾಗ ಬೇಡ್ವಾ?"

ಸಾರ್ಜೆಂಟ್ ನಕ್ಕ. "ಬೇಗ ಮುಗ್ಸಜ್ಜಿ. ರಾತ್ರಿ ನಮ್ಮ ಹುಡುಗ್ರು ನೀರುನಾಯೀನೋ ಏನೋ ನೋಡಿ ಹೊಳೆಗೆ ಗುಂಡು ಹಾರಿಸ್ತಿದ್ರು. ಕಣ್ಣಿಗೆ ನಿದ್ದೆ ಇಲ್ಲ."

ನಾಲ್ಕು ಜನರೆದುರು ಹೆಂಗಸಿನ ಲಂಗ ಎತ್ತಿಸುವಂತಿರಲಿಲ್ಲ. ಅದಕ್ಕೆ ಜನೆಟ್ಟ ತನ್ನದೇ ಒಂದು ವರಸೆ ಕಂಡುಕೊಂಡಿದ್ದಳು: ಹೆಂಗಸನ್ನು ನಿಂತಲ್ಲೇ ಗಿರ್ರನೆ ಒಂದು ಸುತ್ತು ತಿರುಗಿಸುವುದು. ಖಾಲಿ ಬಳೆಲಂಗವಾದರೆ ಚರ್ಚಿನ ಗಂಟೆಯ ಹಾಗೆ ತೂಗುತ್ತದೆ. ಒಳಗೆ ತಂಬಾಕೋ ಉಪ್ಪೋ ಕಟ್ಟಿಕೊಂಡಿದ್ದರೆ ಕಾಲಿಗೆ ತೊಡರಿ ನಿಂತುಬಿಡುತ್ತದೆ.

"ತಿರುಗು," ಎಂದಳು.

ತಂಬಾಕಲ್ಲ, ಇಡೀ ಒಬ್ಬ ತಮ್ಮನಿದ್ದಾನೆ. ಮುಗೀತು ಕಥೆ ಎಂದುಕೊಂಡು ಎರ್ಸೀಲಿಯ ಕಣ್ಣು ಮುಚ್ಚಿ ತಿರುಗಿದಳು.

ಲಂಗ ಹಗುರವಾಗಿ ಎದ್ದಿತು. ಎಡಕ್ಕೆ ತೂಗಿತು, ಬಲಕ್ಕೆ ತೂಗಿತು, ಒಳಗೆ ಬರೀ ಗಾಳಿ ಇದ್ದ ಹಾಗೆ. ಕೈ ಮಾತ್ರ ಕಣಕಾಲನ್ನು ಬಿಟ್ಟಿರಲಿಲ್ಲ.

"ಖಾಲಿ," ಎಂದಳು ಜನೆಟ್ಟ. ಆಮೇಲೆ ಬಗ್ಗಿ ನೆಲ ನೋಡಿದಳು. ಲಂಗದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಇದೇನೇ ಇದು?"

"ಮಂಜು, ಅಜ್ಜಿ."

"ಮೂವತ್ತು ವರ್ಷದಿಂದ ಈ ಹೊಳೆ ಮಂಜು ನೋಡಿದ್ದೀನಿ. ಮಂಜು ಹೀಗೆ ಸೋರಲ್ಲ." ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಎರ್ಸೀಲಿಯಳ ಮುಖ ನೋಡದೆಯೇ, "ಹೋಗು ತಾಯಿ, ಬೇಗ ಹೋಗು," ಎಂದಳು.

ಸೇತುವೆಯ ಮಧ್ಯಕ್ಕೆ ಬರುವಷ್ಟರಲ್ಲಿ ಎರ್ಸೀಲಿಯಳಿಗೆ ನಗು ತಡೆಯಲಾಗಲಿಲ್ಲ. "ಲೋ, ಹೆಂಗೋ ಅಷ್ಟು ಹಗುರ ಆದೆ? ಮುದುಕಿ ಬೆಚ್ಚಿಬಿದ್ಲು." ಅವಳು ಲಂಗವನ್ನು ಮೆಲ್ಲಗೆ ತಟ್ಟಿದಳು. "ಈಗಾದ್ರೂ ಬಾಯಿ ಬಿಡೋ. ನಿನ್ನ ಬಡಾಯಿ ಕೇಳ್ದೆ ಇದ್ರೆ ನಂಗೆ ಭಯ ಆಗುತ್ತೆ." ಮರದ ಹಲಗೆಗಳ ಮೇಲೆ ಅವಳ ಹೆಜ್ಜೆಗಳಷ್ಟೇ ಕೇಳುತ್ತಿದ್ದವು.

ಆಚೆ ದಡದಲ್ಲಿ ಅವಳ ಸೋದರಮಾವ ಮೊಮೊಲೊ ಕತ್ತೆಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಇಬ್ಬರನ್ನೂ ಕರೆದುಕೊಂಡು ಹೋಗಲು ಬಂದವನು. ಅವನ ಟೋಪಿ ಕೈಯಲ್ಲಿತ್ತು.

"ದಾಟಿಸ್ಬಿಟ್ಟೆ ಮಾವ," ಎಂದಳು ಅವಳು, ಇನ್ನೂ ನಗುತ್ತಲೇ.

ಮೊಮೊಲೊ ನಗಲಿಲ್ಲ. "ಅವನು ರಾತ್ರೀನೇ ಈಜಿ ಬರೋಕೆ ಹೊರಟಿದ್ದಾನಮ್ಮ. ಅಕ್ಕ ಸಿಕ್ಕಿಬೀಳ್ಬಾರ್ದು, ನಾನೊಬ್ನೇ ದಾಟ್ತೀನಿ ಅಂತ ನಿನ್ನೆ ಸಂಜೆ ಗಿರಣಿಯವನ ಕೈಲಿ ನಂಗೆ ಹೇಳಿಕಳ್ಸಿದ್ದ. ಮಧ್ಯದಲ್ಲಿ ಗುಂಡು ಬಿದ್ದಿದೆ. ಬೆಳಿಗ್ಗೆ ಈ ದಡಕ್ಕೆ ಬಂದು ಬಡಿದಿದ್ದ."

ಗಾಡಿಯ ಮೇಲೆ ಗೋಣಿ ಹೊದಿಸಿದ್ದರು. ಹೊರಗೆ ಚಾಚಿದ್ದ ಪಾದಕ್ಕೆ ಬೂಟಿರಲಿಲ್ಲ. ಅದರ ಮೇಲಿದ್ದ ಕಂದು ಕಾಲುಚೀಲದ ಹಿಮ್ಮಡಿಗೆ ಹೋದ ವಾರ ತೇಪೆ ಹಾಕಿದವಳು ಎರ್ಸೀಲಿಯಳೇ.

ಅವಳು ಆ ತೇಪೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಇಲ್ಲಿ ನನ್ನ ಕಾಲು ಹಿಡ್ಕೊಂಡಿದ್ದಾನೆ ಮಾವ."

"ಯಾರೂ ಇಲ್ಲ ಕಣಮ್ಮ. ಲಂಗ ಎತ್ತಿ ನೋಡ್ಕೋ, ನಾನು ಆ ಕಡೆ ತಿರುಗ್ತೀನಿ."

ಎರ್ಸೀಲಿಯ ಎರಡೂ ಕೈಗಳಿಂದ ನೀಲಿ ರೇಷ್ಮೆಯನ್ನು ಕೆಳಕ್ಕೆ ಒತ್ತಿ ಹಿಡಿದಳು.

"ಎತ್ತಲ್ಲ ಮಾವ. ನಾನಿದನ್ನ ಎತ್ತದೆ ಇರೋ ತನಕ ಅವನು ಗಡಿ ದಾಟಿದ್ದಾನೆ."