ಫಲಕದ ಕೆಳಗಿನ ಅಂಗಡಿ

ಪ್ರವಾಸಿಗರನ್ನು ಸೆಳೆಯಲೆಂದು ಪಂಚಾಯಿತಿಯವರು ಕಡಲಿಗೆ ಹೋಗುವ ದಾರಿಯಲ್ಲಿ, ಚಂದಕ್ಕನ ಗೂಡಂಗಡಿಯ ಸೂರಿಗೇ ಒಂದು ಫಲಕ ಹಾಕಿಸಿದರು. ಬಂದ ಕಾರುಗಳೆಲ್ಲ ಅಂಗಡಿಯತ್ತ ತಿರುಗಿಯೂ ನೋಡದೆ ಕಡಲಿಗೆ ಓಡಿದವು. ಈ ವಾರ ಮಾತ್ರ ಒಂದೊಂದು ಕಾರೂ ಅಲ್ಲೇ ಗಕ್ಕನೆ ನಿಲ್ಲುತ್ತಿದೆ.

ಇವತ್ತು ನಿಂತ ಕಾರಿನಿಂದ ಗಂಡ ಹೆಂಡತಿ ಇಳಿದು ಫಲಕ ಓದಿದರು: ‘ಮುಳುಗುವ ಜಾಗ, ಅರ್ಧ ಕಿಲೋಮೀಟರ್.’

“ನಿಜವಾಗ್ಲೂ ಇಲ್ಲಿ ಮುಳುಗೋದಿದ್ಯಾ?” ಗಂಡ ಕೇಳಿದ.

“ದಿನಾ. ಸಂಜಿ ಆರೂವರಿ ಹೊತ್ತಿಗೆ,” ಎಂದಳು ಚಂದಕ್ಕ.

“ಯಾರೂ ತಡೆಯೋದಿಲ್ವಾ?” ಹೆಂಡತಿ ಗಂಡನ ತೋಳು ಹಿಡಿದುಕೊಂಡಳು.

“ತಡೂಕ್ ಆತ್ತಾ ಮಾರಾಯ್ರೆ? ಎಲ್ಲಾ ಸಾಲಾಗಿ ನಿಂತ್ಕಂಡ್ ಫೋಟೋ ತೆಗಿತ್ರ್. ನೀವ್ ಕೂಕಣಿ, ಒಂದ್ ಸೋಡಾ ಕುಡಿನಿ.”

ಇಬ್ಬರೂ ದೊಪ್ಪನೆ ಬೆಂಚಿನ ಮೇಲೆ ಕೂತರು. ಎರಡು ಸೋಡಾ, ಒಂದು ಪ್ಲೇಟು ಗೋಳಿಬಜೆ ಮುಗಿದ ಮೇಲೆ ಗಂಡನಿಗೆ ಹೋದ ಜೀವ ಬಂದಂತಾಯಿತು. ಫಲಕದ ಮುಂದೆ ತೂಗುತ್ತಿದ್ದ ಬಾಳೆಗೊನೆಯ ಹತ್ತಿರ ಹೋಗಿ, “ಇದ್ರಲ್ಲಿ ಒಂದು ಡಜನ್ ಕೊಡಿ,” ಎಂದ.

“ಅಯ್ಯೋ, ಅದ್ ಮಾರುದಲ್ಲ!” ಚಂದಕ್ಕ ಗಾಬರಿಯಿಂದ ಎದ್ದಳು.

ಅಷ್ಟರಲ್ಲಿ ಅವನ ಕೈ ಗೊನೆಯನ್ನು ಪಕ್ಕಕ್ಕೆ ಸರಿಸಿತ್ತು. ಹಿಂದಿನಿಂದ ಫಲಕದ ಮೊದಲ ಪದ ಇಣುಕಿತು: ‘ಸೂರ್ಯ’.