ತವರಿನ ಹೆಪ್ಪು

“ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡಲ್ಲ ನರ್ಸಮ್ಮ,” ಎಂದಳು ಪಕ್ಕದ ಮನೆಯ ಮಲ್ಲಕ್ಕ. ಹೊಸ್ತಿಲಾಚೆ ಖಾಲಿ ಬಟ್ಟಲು ಹಿಡಿದು ನಿಂತಿದ್ದ ಕೊಟ್ರಮ್ಮನ ಮುಖ ಸಣ್ಣದಾಯಿತು.

ಐಮಂಗಲಕ್ಕೆ ವರ್ಗವಾಗಿ ಬಂದು ಮೂರು ತಿಂಗಳಾದರೂ ಹೆರಿಗೆಗಲ್ಲದೆ ಅವಳು ಯಾರ ಮನೆಯನ್ನೂ ತುಳಿದಿರಲಿಲ್ಲ. ಈ ಊರಿನಿಂದ ಏನೂ ಬೇಡವೆಂಬ ಹಟ. ಹೊಸದುರ್ಗದ ತವರಿನಿಂದ ತಂದ ಹೆಪ್ಪನ್ನೇ ದಿನದಿನವೂ ಉಳಿಸಿಕೊಂಡು ಮೊಸರು ಮಾಡಿಕೊಳ್ಳುತ್ತಿದ್ದಳು. ಬೆಳಗಾದರೆ, ಇವತ್ತೇ ಊರು ಬಿಡುವವಳಂತೆ, ಹಾಸಿಗೆ ಸುತ್ತಿ ಹಗ್ಗ ಬಿಗಿದಿಡುತ್ತಿದ್ದಳು. ಇಂದು ಬೆಕ್ಕು ಮೊಸರಿನ ಗಡಿಗೆ ಉರುಳಿಸಿತ್ತು. ನೆಲ ಒರೆಸುವಾಗ ತವರೇ ಕೈತಪ್ಪಿ ಹೋದಂತಾಗಿ ಅತ್ತಿದ್ದಳು.

ಕೇಳಲೇಬಾರದಿತ್ತು ಎಂದುಕೊಂಡು ಅವಳು ತಿರುಗಿದಳು.

“ಅಯ್ಯ, ಎಲ್ಲಿಗೆ ಹೊಂಟ್ರಿ? ಹೆಪ್ಪು ಹೊಸ್ತಿಲು ದಾಟಬಾರದು, ನಿಮ್ಮ ಹಾಲು ದಾಟಿದ್ರೆ ಏನೈತೆ? ತಗಂಬರ್ರಿ, ನಮ್ಮನೇಲೇ ಹೆಪ್ಪು ಹಾಕ್ತೀನಿ. ಬೆಳಿಗ್ಗೆ ಬಂದು ಮೊಸರು ತಗಂಡೋಗ್ರಿ.”

ಕೊಟ್ರಮ್ಮ ಹಾಲು ಕೊಟ್ಟು ತನ್ನ ಕೋಣೆಗೆ ಬಂದಳು. ಹೆರಿಗೆ ನೋವಿಲ್ಲದ ಮನೆಯೊಂದು ಅವಳನ್ನು ಬಾ ಎಂದದ್ದು ಇದೇ ಮೊದಲು. ಹಾಸಿಗೆಯ ಹಗ್ಗ ಬಿಚ್ಚಿದಳು. ಅದನ್ನು ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿ, ಒದ್ದೆ ಸೀರೆ ಹರವಿದಳು.