ಹಿಂದಕ್ಕೆ ಇಡುವ ಹೆಜ್ಜೆ

"‘ಬ್ಯಾಕ್‌ವರ್ಡ್’ ಪದ ಬಳಸಿ ಒಂದು ವಾಕ್ಯ ಹೇಳಿ," ಎಂದು ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು ಎಂಟನೇ ತರಗತಿಯತ್ತ ತಿರುಗಿದರು.

ಮೊದಲ ಬೆಂಚಿನ ಗಣೇಶ ಥಟ್ಟನೆ ಎದ್ದ. "ವಿ ಆರ್ ಬ್ಯಾಕ್‌ವರ್ಡ್ ಪೀಪಲ್, ಸಾ."

ಯಾರೂ ನಗಲಿಲ್ಲ. ತೊಂಬತ್ನಾಲ್ಕನೇ ಇಸವಿಯ ‘ಬ್ಯಾಕ್‌ವರ್ಡ್ ಕ್ಲಾಸ್’ ಸ್ಕಾಲರ್‌ಶಿಪ್ ಅರ್ಜಿಯನ್ನು ಹಿಂದಿನ ವಾರವಷ್ಟೇ ತುಂಬಿದ್ದ ಕ್ಲಾಸಿಗೆ ಆ ಪದದ ಅರ್ಥ ಅದೊಂದೇ ಗೊತ್ತಿತ್ತು.

"ಅದು ಹಿಂದುಳಿದವರು ಅಂತಾಯ್ತು. ನಾನು ಕೇಳಿದ್ದು ‘ಹಿಂದಕ್ಕೆ’ ಅನ್ನೋ ಅರ್ಥದಲ್ಲಿ. ಯಾವ ಕಡೆಗೆ ಹೆಜ್ಜೆ ಹಾಕ್ತೀವಿ ಅಂತ ಹೇಳಬೇಕು," ಎಂದ ಮೇಷ್ಟ್ರ ಕಣ್ಣು ಗೋಡೆ ಪಕ್ಕ ನಿಂತಿದ್ದ ನೀಲಾವತಿಯ ಮೇಲೆ ಬಿತ್ತು. ಅವ್ವ ಚಿಕ್ಕಮಾದಮ್ಮನ ಜೊತೆ ಕೂಲಿಗೆ ಹೋಗಿ ಮೂರು ದಿನ ಸ್ಕೂಲು ತಪ್ಪಿಸಿದ್ದಕ್ಕೆ ಅವಳನ್ನು ಹಾಗೆ ನಿಲ್ಲಿಸಿದ್ದರು. "ಎಲ್ಲಿ, ನೀನು ಹೇಳು ನೋಡೋಣ."

ನೀಲಾವತಿ ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು. "ಮೈ ಮದರ್... ವಾಕ್ಸ್... ಬ್ಯಾಕ್‌ವರ್ಡ್."

ಈಗ ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. "ವ್ಯಾಕರಣ ಏನೋ ಸರಿ. ಆದ್ರೆ ನಿಮ್ಮವ್ವ ಯಾಕಮ್ಮ ಹಿಂದಕ್ಕೆ ನಡೀತಾರೆ?"

ಅವ್ವನನ್ನು ಆಡಿಕೊಂಡು ನಕ್ಕರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಸೀದಾ ಕರಿಹಲಗೆಯ ಹತ್ತಿರ ಹೋಗಿ ಸೊಂಟ ಬಗ್ಗಿಸಿದಳು. ಎಡಗೈಯಲ್ಲಿ ಇಲ್ಲದ ಪೈರಿನ ಕಟ್ಟು ಹಿಡಿದು, ಬಲಗೈ ಬೆರಳುಗಳನ್ನು ನೆಲಕ್ಕೆ ಒತ್ತುತ್ತಾ, ಒಂದು ಸಾಲು ನೆಟ್ಟು ಒಂದು ಹೆಜ್ಜೆ ಹಿಂದಿಟ್ಟಳು. ಮತ್ತೊಂದು ಸಾಲು, ಮತ್ತೊಂದು ಹೆಜ್ಜೆ. ಒಮ್ಮೆಯೂ ತಿರುಗಿ ನೋಡದೆ, ಬೆಂಚುಗಳ ನಡುವೆ ಹಾಗೇ ಸರಿಯುತ್ತಾ ಬಾಗಿಲವರೆಗೂ ನೆಟ್ಟಳು.

ಅಷ್ಟರಲ್ಲಿ ನಗು ನಿಂತುಹೋಗಿತ್ತು. ಸಂತೆಮರಹಳ್ಳಿಯ ನಾಲೆ ಬಯಲಲ್ಲಿ ಆ ವಾರ ಅರ್ಧ ಕ್ಲಾಸಿನ ಅವ್ವಂದಿರು ಹೀಗೇ ಬಗ್ಗಿದ್ದರು. "ನಮ್ಮವ್ವನೂವೆ ಕಣಮ್ಮಿ," ಎಂದಳು ಬಾಗಿಲ ಪಕ್ಕದ ಮಂಗಳಗೌರಿ, ಎಲ್ಲರಿಗೂ ಕೇಳುವಂತೆ.

ಮೇಷ್ಟ್ರು ಗುಂಡ್ಲುಪೇಟೆ ಕಡೆಯ ಒಣಭೂಮಿಯವರು. ರಾಗಿ, ಜೋಳ ಕಂಡು ಬೆಳೆದವರೇ ಹೊರತು ಭತ್ತದ ನಾಟಿಯನ್ನು ಹತ್ತಿರದಿಂದ ನೋಡಿದವರಲ್ಲ. ನೀಲಾವತಿಯ ವಾಕ್ಯವನ್ನು ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ, ಅವಳು ಹೇಳಿದ ಹಾಗೇ ಬರೆದರು. ಆಮೇಲೆ ಸೀಮೆಸುಣ್ಣ ಕೈಯಲ್ಲೇ ಹಿಡಿದು, ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳುವಂತೆ ಕೇಳಿದರು:

"ಮುಂದಕ್ಕೆ ನಡೆದ್ರೆ ಏನಾಗುತ್ತಮ್ಮ?"

ನೀಲಾವತಿ ಸೊಂಟ ನೆಟ್ಟಗೆ ಮಾಡಿ ನಿಂತಳು.

"ನೆಟ್ಟಿದ್ನೆಲ್ಲ ತುಳ್ದಂಗಾಯ್ತದೆ, ಸಾ."